ಅಪ್ಪನಿಂದ ಬಂದದ್ದು

ಕಣ್ಣು ಮಂಜಾಗತೊಡಗಿದಾಗ ನಾನು ಕನ್ನಡಕ ಹಳೆಯದಾಯಿತು ಅಂದುಕೊಂಡೆ. ನನ್ನ ಕೆಲಸವೇ ಕಣ್ಣಿನದು. ರೇಷ್ಮೆ ಬಿತ್ತನೆ ಕೋಠಿಯಲ್ಲಿ, ಅಂದರೆ ರೈತರಿಗೆ ಕೊಡುವ ರೇಷ್ಮೆಹುಳುವಿನ ಮೊಟ್ಟೆ ತಯಾರಾಗುವ ಜಾಗದಲ್ಲಿ, ಸೂಕ್ಷ್ಮದರ್ಶಕದ ಮುಂದೆ ಕೂತು ತಾಯಿ ಚಿಟ್ಟೆಗಳನ್ನು ಪರೀಕ್ಷೆ ಮಾಡುವವಳು ನಾನು. ಚಿಟ್ಟೆ ಮೊಟ್ಟೆಯಿಟ್ಟ ಮೇಲೆ ಅದನ್ನು ಅರೆದು, ಒಂದು ಹನಿಯನ್ನು ಗಾಜಿನ ಮೇಲೆ ಹಾಕಿ ನೋಡುತ್ತೇವೆ. ಗಂಟುರೋಗದ ಕಣ ಕಂಡರೆ ಆ ತಾಯಿ ಇಟ್ಟ ಮೊಟ್ಟೆಗಳಷ್ಟನ್ನೂ ಸುಟ್ಟುಬಿಡುತ್ತೇವೆ. ಆ ರೋಗ ತಾಯಿಯಿಂದ ನೇರ ಮೊಟ್ಟೆಗೆ ಇಳಿಯುವಂಥದ್ದು. ಒಂದು ತಪ್ಪಿಸಿಕೊಂಡರೂ ಯಾರದೋ ಮನೆಯ ಇಡೀ ಬೆಳೆ ಹೋಗುತ್ತದೆ. ಹಾಗಾಗಿ ಕಣ್ಣು ಕೈಕೊಟ್ಟರೆ ನನಗೆ ಭಯ.

ಕುವೆಂಪುನಗರದ ಕಣ್ಣಿನ ಡಾಕ್ಟರಮ್ಮ ನನ್ನ ಕಣ್ಣಿಗೆ ದೀಪ ಬಿಟ್ಟು ಬಹಳ ಹೊತ್ತು ನೋಡಿದರು.

"ಕನ್ನಡಕ ಆಮೇಲೆ ನೋಡೋಣ. ಬಿಪಿ ಯಾವಾಗ ಚೆಕ್ ಮಾಡಿಸಿದ್ರಿ?"

"ಹೆರಿಗೆ ಟೈಮಲ್ಲಿ ಮಾಡಿದ್ರು ಮೇಡಂ."

ಮಗಳು ಸಿಂಚನಳಿಗೆ ಆಗಲೇ ಎಂಟು ವರ್ಷವಾಗಿತ್ತು. ಡಾಕ್ಟರಮ್ಮ ಅಲ್ಲೇ ಪಟ್ಟಿ ಕಟ್ಟಿ ನೋಡಿದರು. ಮತ್ತೊಂದು ಸಲ ನೋಡಿದರು. "ಇವತ್ತೇ ಫಿಸಿಶಿಯನ್ ಹತ್ತಿರ ಹೋಗಿ. ನಾಳೆ ಅನ್ಬೇಡಿ" ಅಂದರು.

ಫಿಸಿಶಿಯನ್ ನನ್ನನ್ನು ಸ್ಕ್ಯಾನಿಂಗ್ ಸೆಂಟರಿಗೆ ಕಳಿಸಿದರು. ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ ಸವರಿ ಯಂತ್ರ ಆಡಿಸುತ್ತಿದ್ದ ಡಾಕ್ಟರು ಪಕ್ಕದಲ್ಲಿದ್ದ ನರ್ಸಿನ ಜೊತೆ ಯಾರದೋ ಮದುವೆ ಊಟದ ವಿಷಯ ಮಾತಾಡುತ್ತಿದ್ದರು. ಹೋಳಿಗೆ ಚೆನ್ನಾಗಿತ್ತಂತೆ, ಸಾರು ಉಪ್ಪಾಗಿತ್ತಂತೆ. ಮಾತು ಅರ್ಧಕ್ಕೆ ನಿಂತಿತು. ಆಮೇಲೆ ಅವರು ಮಾತಾಡಲೇ ಇಲ್ಲ. ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಎಂದಷ್ಟೇ ಹೇಳಿದರು. ಕಾಯಿಲೆಯ ಸುದ್ದಿ ನನಗೆ ಮೊದಲು ತಿಳಿದದ್ದು ಆ ಮೌನದಲ್ಲಿ.

ಕಿಡ್ನಿ ಡಾಕ್ಟರು ವಯಸ್ಸಾದವರು, ನಿಧಾನದ ಮನುಷ್ಯ. ನಮ್ಮವರು ಚಂದ್ರು ನನ್ನ ಪಕ್ಕದಲ್ಲಿ ಫೈಲು ಹಿಡಿದು ಕೂತಿದ್ದರು.

"ಎರಡೂ ಕಿಡ್ನಿ ತುಂಬ ನೀರಿನ ಗುಳ್ಳೆಗಳಿವೆ ಸಾವಿತ್ರಿಯವರೇ. ಇದು ಸಾಮಾನ್ಯವಾಗಿ ವಂಶದಲ್ಲಿ ಬರೋದು. ತಂದೆ ತಾಯಿ ಇದ್ದಾರಾ?"

"ತಾಯಿ ಇದ್ದಾರೆ. ತಂದೆ ನಾನು ಪಿಯುಸಿಲಿದ್ದಾಗ ಹೋದ್ರು."

"ಏನಾಗಿತ್ತು?"

"ಕುಡಿತ ಸಾರ್."

ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ಅವರು ಕುಡಿಯೋದನ್ನ ನೀವು ನೋಡಿದ್ದೀರಾ?"

ನಾನು ನೋಡಿರಲಿಲ್ಲ.

ಅಪ್ಪ ಮನೆಗಳಿಗೆ ಬಣ್ಣ ಬಳಿಯುವ ಕೆಲಸ ಮಾಡುತ್ತಿದ್ದರು. ಸಂಜೆ ಮನೆಗೆ ಬಂದರೆ ಟರ್ಪೆಂಟೈನಿನ ವಾಸನೆ. ಅದರ ಕೆಳಗೆ ಇನ್ನೊಂದು ವಾಸನೆ ಇದೆ ಅಂತ ಅವ್ವನ ಗುಮಾನಿ. ಕೊನೆಕೊನೆಗೆ ಅಪ್ಪನ ಕೈಕಾಲು ಸಣ್ಣಗಾಗಿ ಹೊಟ್ಟೆ ಮಾತ್ರ ಮುಂದಕ್ಕೆ ಬಂದಿತ್ತು. ಆ ಹೊಟ್ಟೆ ನೋಡಿದವರೆಲ್ಲ ಒಂದೇ ಮಾತು ಹೇಳಿದರು. ಬಣ್ಣದವರು ಕುಡಿಯದೆ ಇರುತ್ತಾರೆಯೇ ಎಂದರು. ಅವ್ವ ಅಪ್ಪನ ಜೇಬು ಹುಡುಕುತ್ತಿದ್ದಳು, ಸೈಕಲ್ಲಿಗೆ ಕಟ್ಟಿದ ಚೀಲ ಹುಡುಕುತ್ತಿದ್ದಳು. "ಇಲ್ಲ ಕಣೇ, ಹಬ್ಬಕ್ಕೆ ಒಂದಿಷ್ಟು ಬಿಟ್ರೆ ಇಲ್ಲ" ಎಂದು ಅಪ್ಪ ಹೇಳುತ್ತಿದ್ದರು. ಸಿಕ್ಕಿದ್ದೇನೂ ಇಲ್ಲ. ಸಿಗದಿದ್ದದ್ದಕ್ಕೆ ಅವ್ವನಿಗೆ ಇನ್ನೂ ಸಿಟ್ಟು, ಅಷ್ಟು ಚೆನ್ನಾಗಿ ಬಚ್ಚಿಡುತ್ತಾರಲ್ಲ ಅಂತ.

"ಸೊಂಟ ನೋವು ಅಂತಿದ್ರಾ? ಮೂತ್ರದಲ್ಲಿ ರಕ್ತ?" ಡಾಕ್ಟರು ಕೇಳಿದರು.

ಎರಡೂ ಕೈಯಲ್ಲಿ ಸೊಂಟ ಒತ್ತಿಕೊಂಡು ಗೋಡೆಗೆ ಒರಗಿ ನಿಂತಿರುತ್ತಿದ್ದ ಅಪ್ಪ ಕಣ್ಣಮುಂದೆ ಬಂದರು. ಸೊಂಟ ನೋವಿತ್ತು ಎಂದೆ.

"ನಾನು ಅವರನ್ನ ನೋಡಿಲ್ಲ, ಹಾಗಾಗಿ ಖಡಾಖಂಡಿತ ಹೇಳಲ್ಲ. ಆದ್ರೆ ಇದೇ ಇರಬೇಕು. ನಿಮ್ಮ ತಾಯಿಗೆ ಒಂದು ಸ್ಕ್ಯಾನ್ ಮಾಡಿಸಿ. ಅವರದ್ದು ಸರಿಯಾಗಿದ್ರೆ ಅಪ್ಪನ ಕಡೆಯಿಂದ ಬಂದಿದ್ದು ಅಂತ ಹೆಚ್ಚುಕಮ್ಮಿ ಗೊತ್ತಾಗುತ್ತೆ. ನಿಮಗೆ ತಮ್ಮ ಇದ್ದಾನೆ ಅಂದ್ರಲ್ಲ, ಅವನಿಗೂ ಮಾಡಿಸಿ."

ಅವ್ವ ಒಂಟಿಕೊಪ್ಪಲಿನಲ್ಲಿ ತಮ್ಮ ಮಹೇಶನ ಜೊತೆ ಇದ್ದಾಳೆ. ಮಹೇಶ ಗೂಡ್ಸ್ ಆಟೋ ಓಡಿಸುತ್ತಾನೆ, ಮೂಟೆ ಎತ್ತುವ ಗಟ್ಟಿಗ. "ನಂಗೇನಾಗದೆ ಅಕ್ಕ, ಕಲ್ಲು ತಿಂದ್ರೂ ಅರಗುಸ್ಕೋತೀನಿ" ಎಂದು ಸ್ಕ್ಯಾನಿಂಗ್‌ನಿಂದ ಜಾರಿಕೊಂಡ. ಅವ್ವ ಮಾತ್ರ ಕರೆದ ಕೂಡಲೇ ಬಂದಳು. ಅವಳ ಕಿಡ್ನಿಗಳು ಒಂದು ಚುಕ್ಕೆಯೂ ಇಲ್ಲದೆ ಚೆನ್ನಾಗಿದ್ದವು.

ಆ ರಿಪೋರ್ಟು ತೆಗೆದುಕೊಂಡು ಹೋದ ದಿನ ಅವ್ವ ನಡುಮನೆಯಲ್ಲಿ ಕೂತು ಅವರೆಕಾಳು ಹಿಸುಕುತ್ತಿದ್ದಳು. ನಾನೂ ಬಟ್ಟಲಿಗೆ ಕೈ ಹಾಕಿ, ಹಿಸುಕುತ್ತಲೇ ಎಲ್ಲ ಹೇಳಿದೆ.

"ಅಂಗಾದ್ರೆ ನಿಮ್ಮಪ್ಪ ಕುಡೀತಿರ್ಲಿಲ್ವಾ?"

"ಕಿಡ್ನಿಗಳು ದಪ್ಪ ಆಗಿ ಹೊಟ್ಟೆ ಮುಂದಕ್ಕೆ ಬಂದಿರುತ್ತೆ ಅಂದ್ರು ಡಾಕ್ಟ್ರು."

ಅವ್ವ ಹಿಸುಕುವುದನ್ನು ನಿಲ್ಲಿಸಲಿಲ್ಲ. ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ. "ಅವ್ರು ಯೋಳ್ತಾನೇ ಇದ್ರು" ಅಂದಳು. ಇನ್ನೊಂದು ಹಿಡಿ ಕಾಳು ಎಳೆದುಕೊಂಡು, ನನಗೆ ಹೇಳುತ್ತಿರುವಂತೆಯೂ ಅಲ್ಲ, "ಕೊನೆಗೊಂದ್ಸಲ ನೀರು ಕುಡುಸ್ತಾ ಕೇಳ್ದೆ. ಈಗ್ಲಾದ್ರೂ ನಿಜ ಯೋಳಿ ಅಂತ. ಗೋಡೆ ಕಡೀಕೆ ತಿರುಗಿಕೊಂಡ್ಬುಟ್ರು" ಅಂದಳು.

ಮುಂದಿನ ಸಲ ಹೋದಾಗ, ಅಷ್ಟು ವರ್ಷ ಅಡುಗೆಮನೆ ಬಾಗಿಲ ಹಿಂದೆ ನೇತಾಡುತ್ತಿದ್ದ ಅಪ್ಪನ ಫೋಟೋ ನಡುಮನೆಗೆ ಬಂದಿತ್ತು.

ಹೀಗೆ ನನ್ನ ಕಾಯಿಲೆ ಮೊದಲು ಸತ್ತುಹೋದ ಒಬ್ಬರಿಗೆ ಒಳ್ಳೆಯದು ಮಾಡಿತು. ನನಗೆ ಒಳ್ಳೆಯದಾಗಲು ಬಹಳ ವರ್ಷ ಹಿಡಿಯಿತು.

ಮಾತ್ರೆ, ಉಪ್ಪಿಲ್ಲದ ಅಡುಗೆ, ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಕೋಠಿಯ ಕೆಲಸ ನಡೆಯುತ್ತಿತ್ತು. ಆದರೆ ರೋಗ ಸಿಕ್ಕ ಮೊಟ್ಟೆಗಳನ್ನು ಸುಡಲು ಒಯ್ಯುವುದು ನನ್ನ ಕೈಲಿ ಆಗುತ್ತಿರಲಿಲ್ಲ. ಗಂಟುರೋಗ ಒಂದು ಸೋಂಕು, ನನ್ನದು ರಕ್ತದಲ್ಲೇ ಬರೆದದ್ದು, ಎರಡಕ್ಕೂ ಸಂಬಂಧವಿಲ್ಲ ಎಂದು ಗೊತ್ತಿದ್ದರೂ ಆ ಮೊಟ್ಟೆಗಳಿದ್ದ ಹಾಳೆಯನ್ನು ಮೇಜಿನ ಮೇಲೇ ಬಿಟ್ಟು ಎದ್ದುಹೋಗುತ್ತಿದ್ದೆ. ನಮ್ಮ ಅಧಿಕಾರಿ ಹೇಮಾ ಮೇಡಂ ಅದನ್ನು ಗಮನಿಸಿ, ಏನೂ ಕೇಳದೆ, ಆ ಕೆಲಸವನ್ನು ಬೇರೆಯವರಿಗೆ ಕೊಟ್ಟರು.

ಮನೆಯಲ್ಲಿ ಬೇರೆ ಕಷ್ಟ. ನಮ್ಮವರ ಅಕ್ಕ ಬಂದವರು ನನ್ನ ಕೈ ಹಿಡಿದುಕೊಂಡು, "ಹೆಣ್ಣುಮಗು ಇದೆ ಮನೇಲಿ. ವಂಶದ ಕಾಯಿಲೆ ಅಂತ ಊರಿಗೆಲ್ಲ ಹೇಳ್ಕೋಬೇಡಮ್ಮ. ಬಿಪಿ ಅನ್ನಿ, ಸಾಕು" ಅಂದರು. ಅವರದು ಕೆಟ್ಟ ಮನಸ್ಸಲ್ಲ. ಸಿಂಚನಳನ್ನು ಎತ್ತಿ ಆಡಿಸಿದವರು. ನಾವು ಬಿಪಿ ಅಂದೆವು. ವಿದ್ಯಾರಣ್ಯಪುರಂನ ನಮ್ಮ ಬೀದಿಯಲ್ಲಿ ಇವತ್ತಿಗೂ ನನಗೆ ಬಿಪಿ ಜಾಸ್ತಿ ಎಂದೇ ತಿಳಿದವರಿದ್ದಾರೆ. ಆಮೇಲೆ ಡಯಾಲಿಸಿಸ್ ಕೋಣೆಯಲ್ಲಿ ನನ್ನಂತೆಯೇ "ಬಿಪಿ" ಇದ್ದ ಇನ್ನೂ ಒಂದಿಬ್ಬರು ಸಿಕ್ಕರು. ಒಬ್ಬರಿಗೊಬ್ಬರು ನಿಜ ಹೇಳಿಕೊಳ್ಳಲು ವಾರಗಟ್ಟಲೆ ಬೇಕಾಯಿತು. ಹಾಗೆ ಬಿಪಿ ಅನ್ನುತ್ತ ಒಬ್ಬರೇ ಹೆದರಿ ಕೂತಿರುವವರು ಇದನ್ನು ಓದಲಿ ಅಂತಲೇ ಬರೆಯುತ್ತಿದ್ದೇನೆ.

ನಲವತ್ತೈದು ದಾಟುವ ಹೊತ್ತಿಗೆ ಕಿಡ್ನಿಗಳು ಕೈಚೆಲ್ಲಿದವು. ಬಾಯಲ್ಲಿ ಸದಾ ಕಬ್ಬಿಣ ನೆಕ್ಕಿದ ರುಚಿ, ಅನ್ನ ಕಂಡರೆ ವಾಕರಿಕೆ. ವಾರಕ್ಕೆ ಮೂರು ಸಲ ಡಯಾಲಿಸಿಸ್. ಯಂತ್ರಕ್ಕಿಂತ ನನ್ನನ್ನು ಸೋಲಿಸಿದ್ದು ಬಾಯಾರಿಕೆ. ನೀರನ್ನು ಅಳೆದು ಕುಡಿಯಬೇಕು. ಪಕ್ಕದ ಹಾಸಿಗೆಯಲ್ಲಿ ಜಮೀಲಾ ಟೀಚರ್ ಅಂತ, ಶಾಲೆಯಿಂದ ನಿವೃತ್ತರಾದವರು. ಗೋಡೆಯ ಟೀವಿಯಲ್ಲಿ ಯಾರೋ ಎಳನೀರು ಕುಡಿಯುವ ಜಾಹೀರಾತು ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ ನನ್ನನ್ನು ನೋಡಿ ಅವರು ಪರ್ಸಿನಿಂದ ಒಂದು ಲವಂಗ ತೆಗೆದುಕೊಟ್ಟರು.

"ಕಡೀಬೇಡಿ. ಕೆನ್ನೆ ಒಳಗೆ ಇಟ್ಕೊಳ್ಳಿ. ಒಂದು ಗಂಟೆ ನೀರು ನೆನಪಾಗಲ್ಲ."

ನಿಜವಾಗಿಯೂ ಆಗಲಿಲ್ಲ. ಆಮೇಲೆ ಪ್ರತಿ ಸಲ ನನ್ನ ದಿಂಬಿನ ಮೇಲೆ ಒಂದು ಲವಂಗ ಇರುತ್ತಿತ್ತು.

ಹೇಮಾ ಮೇಡಂ ಅಲ್ಲಿಗೂ ಬರುತ್ತಿದ್ದರು. ಒಂದು ದಿನ ನಾನು ಅವರನ್ನು ಕೇಳಿಯೇಬಿಟ್ಟೆ. "ಮೇಡಂ, ಕೆಟ್ಟದ್ದೆಲ್ಲ ಸೋಸಿಹೋಗಿ ಒಳ್ಳೇದು ಉಳಿಯುತ್ತೆ ಅಂತ ನೀವೇ ಟ್ರೈನಿಂಗ್‌ನಲ್ಲಿ ಹೇಳ್ತೀರಿ. ಇಂಥದ್ದು ತಲೆಮಾರುಗಟ್ಟಲೆ ಹೇಗೆ ಉಳೀತು?"

ಅವರು ಸ್ವಲ್ಪ ಯೋಚಿಸಿದರು. "ನಿಮ್ಮ ತಂದೆಗೆ ಕಾಯಿಲೆ ಬರೋ ಹೊತ್ತಿಗೆ ನೀವಿಬ್ರೂ ಹುಟ್ಟಾಗಿತ್ತಲ್ಲ ಸಾವಿತ್ರಿ. ಮಕ್ಕಳಾದ ಮೇಲೆ ಬರೋ ಕಾಯಿಲೇನ ಪ್ರಕೃತಿ ಅಷ್ಟಾಗಿ ಸೋಸಲ್ಲ. ನಮ್ಮ ಚಿಟ್ಟೆನೇ ನೋಡಿ. ಸಾವಿರಾರು ವರ್ಷ ಮನುಷ್ಯ ಸಾಕಿ ಸಾಕಿ, ರೆಕ್ಕೆ ಇದ್ರೂ ಹಾರಕ್ಕೆ ಬರಲ್ಲ ಅದಕ್ಕೆ. ನಮಗೆ ನೂಲು ಬೇಕಿತ್ತು, ಹಾರಾಟ ಬೇಕಿರಲಿಲ್ಲ. ಅದು ಯಾರ ತಪ್ಪು? ಜೀವ ಅಂದ್ರೆ ನಕಲು ಮಾಡ್ಕೊಂಡು ಹೋಗೋದು. ಬರೀವಾಗ ಒಂದಕ್ಷರ ತಪ್ಪಾಗುತ್ತೆ. ಆ ತಪ್ಪುಗಳಿಂದ್ಲೇ ಹುಳದಿಂದ ಹಿಡಿದು ನಮ್ಮವರೆಗೂ ಬಂದಿದೀವಿ. ಕೆಲವು ತಪ್ಪು ನೋಯಿಸುತ್ತೆ." ಎದ್ದು ಹೊರಡುವಾಗ ನಕ್ಕು, "ನಿಮ್ಮದೇ ಕಾಯಿಲೆ ಪರ್ಷಿಯನ್ ಬೆಕ್ಕುಗಳಿಗೂ ಬರುತ್ತೆ, ಗೊತ್ತಾ? ಹೀಗೇ ತಾಯಿ ತಂದೆಯಿಂದ ಮರಿಗೆ" ಅಂದರು.

ಅದರಿಂದ ಕಾಯಿಲೆ ಕಡಿಮೆಯಾಗಲಿಲ್ಲ. ಆದರೆ ಯಾವ ಶಾಪ, ಯಾರ ಪಾಪ ಎಂದು ನಾನು ಒಳಗೊಳಗೇ ನಡೆಸುತ್ತಿದ್ದ ವಿಚಾರಣೆ ಆವತ್ತಿಗೆ ನಿಂತಿತು.

ನಮ್ಮವರಿಗೆ ಸಕ್ಕರೆ ಕಾಯಿಲೆ, ಅವರು ಕಿಡ್ನಿ ಕೊಡುವಂತಿರಲಿಲ್ಲ. ಮಹೇಶ ತಾನು ಕೊಡುತ್ತೇನೆ ಎಂದ. ಅವನ ಹೆಂಡತಿ ರೇಖಾ ಮನೆಗೆ ಬಂದು ನನ್ನೆದುರೇ ಕೂತು ಮಾತಾಡಿದಳು. "ಅತ್ತಿಗೆ, ನಿಮ್ಮ ಹಿಂದೆ ಮಾತಾಡೋದು ಬೇಡ ಅಂತ ಬಂದೆ. ಎರಡು ಮಕ್ಕಳಿವೆ. ನಾಳೆ ಇವ್ರಿಗೇನಾದ್ರೂ ಆದ್ರೆ ನಾನು ಯಾರನ್ನ ಕೇಳ್ಲಿ?" ನಾನು ಅವಳಿಗೆ ಕಾಫಿ ಕೊಟ್ಟೆ. ಹೊರಡುವಾಗ ಅವಳೇ, "ಟೆಸ್ಟ್ ಮಾಡಿಸ್ಲಿ. ಆಮೇಲೆ ನೋಡೋಣ" ಅಂದಳು.

ಟೆಸ್ಟಿನ ದಿನ ಮಹೇಶ ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಸ್ಕ್ಯಾನ್ ಮುಗಿದ ಮೇಲೆ ಡಾಕ್ಟರು ಮಹೇಶ, ರೇಖಾ, ನಾನು ಮೂವರನ್ನೂ ಒಳಗೆ ಕರೆದರು. ಪರದೆಯ ಮೇಲೆ ಕಪ್ಪು ಕಪ್ಪು ದುಂಡುಗಳು. ಅವು ಏನೆಂದು ನನಗೆ ಯಾರೂ ಹೇಳಬೇಕಿರಲಿಲ್ಲ. ಅಂಥವನ್ನೇ ನನ್ನ ಹೊಟ್ಟೆಯಲ್ಲಿ ವರ್ಷಗಳಿಂದ ನೋಡಿದ್ದೆ.

"ಅಂಗಂದ್ರೆ ನಂದು ಅಕ್ಕಂಗೆ ಆಗಲ್ವಾ ಸಾರ್?" ಮಹೇಶ ಕೇಳಿದ.

"ಮಹೇಶ್, ಅಕ್ಕನ ವಿಷಯ ಈಗ ಬಿಡಿ. ನಿಮ್ಮ ಬಿಪಿ ಎಷ್ಟಿದೆ ಗೊತ್ತಾ?"

ಅವನಿಗೆ ಆಗಲೂ ಅರ್ಥವಾಗಲಿಲ್ಲ. ಕೊಡಲು ಬಂದವನಿಗೆ ತನ್ನ ಬಗ್ಗೆ ಯೋಚನೆಯೇ ಇರಲಿಲ್ಲ. ರೇಖಾಗೆ ಅರ್ಥವಾಯಿತು. ಅವಳು ಕುರ್ಚಿಯ ಹಿಡಿ ಹಿಡಿದುಕೊಂಡಳು.

"ಈಗ ಗೊತ್ತಾಗಿದ್ದು ಒಳ್ಳೇದಾಯ್ತು" ಎಂದು ಡಾಕ್ಟರು ಅವಳ ಕಡೆ ತಿರುಗಿ ಹೇಳಿದರು. "ಕಿಡ್ನಿ ಇನ್ನೂ ಚೆನ್ನಾಗಿ ಕೆಲಸ ಮಾಡ್ತಿವೆ. ಬಿಪಿ ಹಿಡಿತದಲ್ಲಿಟ್ರೆ ತುಂಬ ವರ್ಷ ಎಳೀಬಹುದು. ಇನ್ನೊಂದಷ್ಟು ದಿನ ಹೀಗೇ ಬಿಟ್ಟಿದ್ರೆ ಮೂಟೆ ಎತ್ತುವಾಗ ಸ್ಟ್ರೋಕ್ ಆಗೋದು."

ಕಾರಿಡಾರಿನ ಬೆಂಚಿನ ಮೇಲೆ ನಾವು ಮೂವರೂ ಕೂತೆವು. ಮಹೇಶ ತನ್ನ ಬೂಟಿನ ತುದಿ ನೋಡುತ್ತಿದ್ದ.

"ಬೆಕ್ಕಿಗೂ ಬತ್ತದೆ ಅಂದಿದ್ಯಲ್ಲಕ್ಕ."

"ಹ್ಞೂಂ."

"ಅವೇನ್ ಮಾಡ್ತವೆ ಆಗ?"

"ಮಲಗ್ತವೆ ಕಣೋ, ಇನ್ನೇನು ಮಾಡ್ತವೆ."

"ಸರಿ, ನಾನೂ ಮಲಗ್ತೀನಿ ಬುಡು" ಎಂದು ನಕ್ಕ. ನಗುತ್ತ ನಗುತ್ತ ಮುಖ ಒರೆಸಿಕೊಂಡ. ರೇಖಾ ಎದ್ದು ಮತ್ತೆ ಡಾಕ್ಟರ ಕೋಣೆಗೆ ಹೋದಳು. ಉಪ್ಪು ಎಷ್ಟು ಹಾಕಬೇಕು, ಉಪ್ಪಿನಕಾಯಿ ಪೂರ್ತಿ ಬಿಡಬೇಕೋ ಎಂದು ಕೇಳಿಕೊಂಡು ಬಂದಳು. ಮನೆಗೆ ಹೋಗುವಾಗ ನನ್ನ ಚೀಲ ಅವಳೇ ಹಿಡಿದಳು.

ಅವ್ವನಿಗೆ ಮಗನ ವಿಷಯ ಹೇಳಿದವಳು ರೇಖಾ. ಮರುದಿನವೇ ಅವ್ವ ನನ್ನ ಮನೆಗೆ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಹೇಳಿದಳು: "ನಂದು ಸುದ್ದವಾಗಿ ಅದೆ ಅಂದಿದ್ರಲ್ಲ ಆವತ್ತು. ತಕೊ."

"ಅವ್ವ, ಅರವತ್ತು ದಾಟಿದೆ ನಿಂಗೆ."

"ಕಿಡ್ನಿಗೆ ಏನ್ ಗೊತ್ತು ವಯಸ್ಸು?"

ಗೊತ್ತಿರುತ್ತದೆ, ಅದಕ್ಕೇ ಡಾಕ್ಟರು ಮೊದಲು ಒಪ್ಪಲಿಲ್ಲ. ಅವಳ ಹೃದಯ, ಸಕ್ಕರೆ, ರಕ್ತನಾಳ ಎಲ್ಲ ನೋಡಿದರು. ರಕ್ತದ ಗುಂಪು ಹೊಂದಿತು. ವಾರಗಳು ಕಳೆದವು. ಕೊನೆಗೆ ಅವರೇ ಸೋತು ಒಪ್ಪಿದರು. ಅನುಮತಿ ಕೊಡುವ ಅಧಿಕಾರಿಗಳು ಅವ್ವನನ್ನು ಕೂರಿಸಿಕೊಂಡು, ಯಾರಾದರೂ ನಿಮ್ಮನ್ನು ಒತ್ತಾಯ ಮಾಡಿದ್ದಾರಾ ಎಂದು ಕೇಳಿದರಂತೆ. "ಒತ್ತಾಯ ಮಾಡ್ದೋಳು ನಾನೇ ಕಣ್ರಪ್ಪ" ಅಂದಳಂತೆ.

ಆಪರೇಷನ್ನಿಗೆ ಮೊದಲಿನ ಸಂಜೆ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಆಸ್ಪತ್ರೆಯ ಹಸಿರು ಗೌನಿನಲ್ಲಿ ಅವ್ವ ಸಣ್ಣ ಹುಡುಗಿಯಂತೆ ಕಾಣುತ್ತಿದ್ದಳು. ಬಳೆ ತೆಗೆದ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದವಳು ಇದ್ದಕ್ಕಿದ್ದಂತೆ ಕೇಳಿದಳು.

"ಆಗ್ಲೂ ಇಂಗೆ ಕೊಡ್ಬೋದಿತ್ತಾ? ನಿಮ್ಮಪ್ಪನ್ಗೆ?"

ಸುಳ್ಳು ಹೇಳಬಹುದಿತ್ತು. ಇಷ್ಟು ವರ್ಷ ನಿಜ ಗೊತ್ತಿಲ್ಲದೆ ಬದುಕಿದವಳಿಗೆ ಇನ್ನೊಂದು ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಗೊತ್ತಾಗಿದ್ರೆ, ಹೊಂದಿದ್ರೆ, ಕೊಡಬಹುದಿತ್ತೇನೋ ಅವ್ವ. ಆದ್ರೆ ಆಗ ನಮಗೆ ಯಾರು ಹೇಳೋರಿದ್ರು?"

ಅವಳು ತಲೆಯಾಡಿಸಿದಳು. ಅಳಲಿಲ್ಲ. "ಅವ್ರುನ್ನ ನಂಬಿದ್ದಿದ್ರೆ ಡಾಕ್ಟ್ರುಗೋಳ್ನ ಕೇಳ್ಕೊಂಡು ತಿರುಗ್ತಿದ್ನೇನೋ" ಅಂದು ಗೋಡೆಯ ಕಡೆ ಮಗ್ಗುಲಾದಳು. ನಾನು ಎದ್ದು ಹೋಗಿ ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತೆ.

ಎಚ್ಚರವಾದಾಗ ನನಗೆ ಮೊದಲು ಕಂಡದ್ದು ಹಾಸಿಗೆಯ ಪಕ್ಕ ತೂಗುತ್ತಿದ್ದ ಚೀಲ, ಅದರಲ್ಲಿ ಮೂತ್ರ. ಎಷ್ಟೋ ತಿಂಗಳು ನನ್ನ ಮೈ ಮಾಡದೆ ಬಿಟ್ಟಿದ್ದ ಕೆಲಸ. ನರ್ಸ್ ಅದನ್ನು ಎತ್ತಿ ತೋರಿಸಿದಳು. ಆಮೇಲೆ ಒಂದು ಲೋಟ ನೀರು ಕೊಟ್ಟಳು, ತುಂಬಿದ ಲೋಟ. ಕುಡಿಯುತ್ತ ಜಮೀಲಾ ಟೀಚರನ್ನು ನೆನೆದೆ. ಅವರಿಗೆ ಕೊಡುವವರು ಯಾರೂ ಇಲ್ಲ, ಈಗಲೂ ಅದೇ ಹಾಸಿಗೆಯಲ್ಲಿದ್ದಾರೆ. ತಿಂಗಳಿಗೊಮ್ಮೆ ನಾನು ಹೋಗಿ ಬರುತ್ತೇನೆ.

ಅವ್ವ ನಡೆಯಲು ಶುರು ಮಾಡಿದ ಮೇಲೆ, ಹೊಟ್ಟೆ ಹಿಡಿದುಕೊಂಡು, ಮಾಸ್ಕ್ ಹಾಕಿಕೊಂಡು ನನ್ನ ಕೋಣೆಯ ಗಾಜಿನ ಹೊರಗೆ ಬಂದು ನಿಂತಳು. "ಎಂಗದೆ ನಂದು?" ಎಂದು ಕೇಳಿದಳು. ಅವಳು ಕೇಳಿದ್ದು ನನ್ನ ಬಗ್ಗೆ ಅಲ್ಲ, ಅವಳ ಕಿಡ್ನಿಯ ಬಗ್ಗೆ. ಚೆನ್ನಾಗಿದೆ ಎಂದು ಕೈ ಮಾಡಿದೆ.

ಎರಡು ವರ್ಷವಾಯಿತು. ದಿನಾ ಹೊತ್ತು ಹೊತ್ತಿಗೆ ಮಾತ್ರೆ ನುಂಗುತ್ತೇನೆ, ಜನಜಂಗುಳಿಗೆ ಹೋಗುವುದಿಲ್ಲ, ನೆಗಡಿಯಾದರೂ ಹೆದರುತ್ತೇನೆ. ಕೋಠಿಯಲ್ಲಿ ಈಗ ನನಗೆ ಕಚೇರಿ ಕೆಲಸ. ಮಹೇಶ ಮೂಟೆ ಎತ್ತುವುದು ಬಿಟ್ಟು ಬರೀ ಗಾಡಿ ಓಡಿಸುತ್ತಾನೆ.

ಹೋದ ತಿಂಗಳು ಸಿಂಚನ, ಬಿಕಾಂ ಮುಗಿಸಿ ಕೆಲಸಕ್ಕೆ ಸೇರಿದವಳು, ತಾನೂ ಸ್ಕ್ಯಾನ್ ಮಾಡಿಸುತ್ತೇನೆ ಅಂದಳು. ನಾನು ಬೇಡ ಅಂದೆ. ಇನ್ನೂ ಚಿಕ್ಕವಳು, ನಾಲ್ಕಾರು ವರ್ಷ ನಿಶ್ಚಿಂತೆಯಿಂದ ಇರಲಿ ಅಂತ.

"ನಿಶ್ಚಿಂತೆಯಿಂದ ಎಲ್ಲಿದ್ದೀನಮ್ಮ? ಸೊಂಟ ಹಿಡ್ಕೊಂಡ್ರೂ ಅದೇನಾ ಅನ್ಸುತ್ತೆ. ಗೊತ್ತಾದ್ರೆ ಮಾಮನ ಥರ ಬಿಪಿ ನೋಡ್ಕೋತೀನಿ. ಮದುವೆ ಆಗೋನಿಗೂ ಮೊದಲೇ ಹೇಳ್ತೀನಿ. ಯಾರಿಗೂ ಹೇಳ್ಬೇಡಿ ಅಂದಿದ್ದ ಅತ್ತೆಗೆ ಬೇಜಾರಾಗಬಹುದು, ಆಗ್ಲಿ."

ಸ್ಕ್ಯಾನಿಂಗ್ ಕೋಣೆಗೆ ನನ್ನನ್ನು ಒಳಗೆ ಬಿಡಲಿಲ್ಲ. ಹೊರಗಿನ ಕುರ್ಚಿಯಲ್ಲಿ ಕೂತು ಒಳಗಿನ ಮಾತಿಗೆ ಕಿವಿಗೊಟ್ಟಿದ್ದೆ. ಅವಳು ಬಂದು ಪಕ್ಕದಲ್ಲಿ ಕೂತು, ಫೈಲು ಮಡಿಲಲ್ಲಿಟ್ಟುಕೊಂಡಳು.

"ಇದೆ. ಎರಡು ಕಡೆನೂ. ಸಣ್ಣ ಸಣ್ಣದು. ಈಗೇನೂ ತೊಂದ್ರೆ ಇಲ್ವಂತೆ."

ನಾನು ಅವಳ ಕೈ ಹಿಡಿದುಕೊಂಡೆ. "ನನ್ನಿಂದ ಬಂತಲ್ಲ ನಿಂಗೆ. ಮೊದ್ಲೇ ಗೊತ್ತಿದ್ದಿದ್ರೆ..." ಎಂದೆ.

ಸಿಂಚನ ನನ್ನ ಮುಖವನ್ನೇ ನೋಡಿದಳು. "ಗೊತ್ತಿದ್ದಿದ್ರೆ ನನ್ನ ಹೆರ್ತಿರ್ಲಿಲ್ವಾ?"

ಎದುರಿಗೆ ಜನ ಕೂತಿದ್ದರು. ಯಾರದೋ ಹೆಸರು ಕೂಗುತ್ತಿದ್ದರು. ಈ ಪ್ರಶ್ನೆಯನ್ನು ನಾನು ನನ್ನಷ್ಟಕ್ಕೆ ಎಷ್ಟೋ ಸಲ ಕೇಳಿಕೊಂಡು, ಉತ್ತರ ಬರುವ ಮೊದಲೇ ಎದ್ದು ಬೇರೆ ಕೆಲಸಕ್ಕೆ ಹೋಗಿಬಿಡುತ್ತಿದ್ದೆ. ಈಗ ಅವಳು ಕೇಳಿ, ಉತ್ತರಕ್ಕಾಗಿ ಕಾಯುತ್ತ ಕೂತಿದ್ದಳು.

"ಹೆರ್ತಿದ್ದೆ ಕಣೇ" ಅಂದೆ.

"ಸಾಕು ಬಿಡು ಮತ್ತೆ" ಎಂದು ಅವಳು ಎದ್ದಳು. "ಹಸಿವಾಗ್ತಿದೆ. ಬಾ, ಎಲ್ಲಾದ್ರೂ ಒಂದೊಂದು ದೋಸೆ ತಿಂದು ಹೋಗೋಣ."